ಅಟ್ಟದ ಮೇಲಿನ ಅಡಿಕೆಯೂ ಅಮೆರಿಕದ ಫಾರ್ಮೂ

ಊರಿಂದ ಫೋನ್ ಬಂದಾಗೆಲ್ಲ ಒಂದು ಪ್ರಶ್ನೆ ಇದ್ದೇ ಇರ್ತದೆ, "ಅಲ್ಲಿ ಕಾಲೇಜಿಗೆ ಸ್ಕಾಲರ್‌ಶಿಪ್ ಸುಲಭದಲ್ಲಿ ಸಿಗ್ತದಂತಲ್ಲ?" ಸುಲಭ ಅಲ್ಲ ಮಾರಾಯ್ರೆ, ಹಾಗಂತ ಸಿಗುದೇ ಇಲ್ಲ ಅಂತಲೂ ಅಲ್ಲ. ನಾನು ಓಹಾಯೋಕ್ಕೆ ಬಂದು ಹದಿನಾರು ವರ್ಷ ಆಯ್ತು, ಅದರಲ್ಲಿ ಕಳೆದ ಎರಡು ವರ್ಷ ಎರಡು ಮಕ್ಕಳ ಫಾರ್ಮ್ ತುಂಬಿಸುದೇ ಕೆಲಸ: ಒಂದು ನನ್ನ ಮಗಳದ್ದು, ಇನ್ನೊಂದು ಕೇರಳಕ್ಕೆ ಸೇರಿದ ಕಾಸರಗೋಡಿನ ನೀರ್ಚಾಲಿನಲ್ಲಿರುವ ಅಕ್ಕನ ಮಗನದ್ದು. ಮಗಳದ್ದು ಒಂದು ಸಂಜೆಯಲ್ಲಿ ಮುಗೀತು, ಅಳಿಯನದ್ದಕ್ಕೆ ಒಂದೂವರೆ ತಿಂಗಳು ಬೇಕಾಯ್ತು. ಕಾರಣ ಅಡಿಕೆ.

ಮಗಳದ್ದು ಕಾಲೇಜು ಖರ್ಚಿಗೆ ಇಲ್ಲಿಯ ಸರಕಾರದ ಸಹಾಯ ಕೇಳುವ ಫಾರ್ಮ್, ಫಾಫ್ಸಾ ಅಂತಾರೆ, ತುಂಬಿಸ್ಲಿಕ್ಕೆ ದುಡ್ಡು ಕೊಡ್ಲಿಕ್ಕಿಲ್ಲ. ಆದ್ರೆ ಅದು ಸಿಟಿಜನ್ನಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ, ಮತ್ತೆ ಇನ್ನು ಕೆಲವು ಬಗೆಯವರಿಗೆ ಮಾತ್ರ. ಎಚ್‌1ಬಿ ವೀಸಾದಲ್ಲಿ ಕೆಲಸಕ್ಕೆ ಇದ್ದುಕೊಂಡು ಹತ್ತು ವರ್ಷ ಟ್ಯಾಕ್ಸ್ ಕಟ್ಟಿದವನ ಮಗುವಿಗೂ, ಆ ಮಗು ಸಿಟಿಜನ್ ಅಲ್ಲದಿದ್ರೆ, ಇಲ್ಲ. ಸಾಧಾರಣ ಅಕ್ಟೋಬರ್ 1ಕ್ಕೆ ಓಪನ್ ಆಗ್ತದೆ, ನಮ್ಮ ಗ್ರಾಚಾರಕ್ಕೆ 2024-25ರ ಫಾರ್ಮನ್ನು ಪೂರ್ತಿ ಹೊಸತು ಮಾಡಿ 2023ರ ಡಿಸೆಂಬರ್ ಕೊನೆಗೆ ಬಿಟ್ಟರು. ಪೆಲ್ ಗ್ರಾಂಟ್ ಅಂತ ವಾಪಸ್ ಕೊಡ್ಲಿಕ್ಕಿಲ್ಲದ ದುಡ್ಡು ಉಂಟು, ಆ ವರ್ಷ ಹೆಚ್ಚೆಂದ್ರೆ 7,395 ಡಾಲರ್. ನಮ್ಮಿಬ್ಬರ ಸಂಬಳ ನೋಡಿ ಅದರಲ್ಲಿ ಒಂದು ಡಾಲರೂ ಬರ್ಲಿಲ್ಲ, ಮೊದಲ ವರ್ಷದ ಮಕ್ಕಳಿಗೆ ಕೊಡುವ 5,500 ಡಾಲರ್ ಸಾಲ ಸಿಕ್ಕಿತು. ಅಲ್ಲಿಗೆ ಆ ಕತೆ ಮುಗೀತು.

ಅಳಿಯನಿಗೆ ಈ ದಾರಿ ಇಲ್ಲ, ಹೊರದೇಶದ ಮಕ್ಕಳಿಗೆ ಸಿಗುದು ಕಾಲೇಜುಗಳ ಸ್ವಂತ ದುಡ್ಡು. ಅದಕ್ಕೆ ಸುಮಾರು ಖಾಸಗಿ ಕಾಲೇಜುಗಳು ಕೇಳುದು ಸಿಎಸ್‌ಎಸ್ ಪ್ರೊಫೈಲ್ ಅಂತ ಇನ್ನೊಂದು ಫಾರ್ಮ್. ಮೊದಲ ಕಾಲೇಜಿಗೆ 25 ಡಾಲರ್, ಆಮೇಲೆ ಒಂದೊಂದಕ್ಕೂ 16, ನಾವು ಐದು ಕಾಲೇಜಿಗೆ ಹಾಕಿ 89 ಡಾಲರ್ ಆಯ್ತು. ಮತ್ತೊಂದು ವಿಷಯ ಮಂಗಳೂರಿನ ಏಜೆಂಟು ಹೇಳುದಿಲ್ಲ, ಹಾಗಾಗಿ ನಾನೇ ಹೇಳ್ತೇನೆ: ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್ ಹೀಗೆ ಕೈಬೆರಳಲ್ಲಿ ಎಣಿಸುವಷ್ಟು ಕಡೆ ಬಿಟ್ರೆ, ದುಡ್ಡು ಬೇಕು ಅಂತ ಕೇಳಿದ ಹೊರದೇಶದ ಮಗುವಿಗೆ ಸೀಟು ಸಿಗುದೇ ಕಷ್ಟ ಆಗ್ತದೆ. ಹಾಗಂತ ಈಗ ಸುಮ್ಮನಿದ್ದು ಸೀಟು ಸಿಕ್ಕಿದ ಮೇಲೆ ಕೇಳುವ ಅಂದ್ರೆ, ಸುಮಾರು ಕಾಲೇಜುಗಳಲ್ಲಿ ನಾಲ್ಕು ವರ್ಷವೂ ಕೇಳ್ಲಿಕ್ಕಿಲ್ಲ.

ನವೆಂಬರಿನ ಒಂದು ರಾತ್ರಿ ಒಂಬತ್ತೂವರೆಗೆ ವೀಡಿಯೊ ಕಾಲ್ ಮಾಡಿ ಕೂತೆ. ಅಲ್ಲಿ ಬೆಳಿಗ್ಗೆ ಎಂಟು ಗಂಟೆ, ಭಾವ ಅಂಗಳದಲ್ಲಿ ಮೊದಲ ಕೊಯ್ಲಿನ ಅಡಿಕೆ ಹರವಿ ಕಾಲಲ್ಲೇ ಮಗುಚ್ತಾ ಇದ್ದರು, ಅಳಿಯ ಜಗಲಿಯಲ್ಲಿ ಲ್ಯಾಪ್‌ಟಾಪ್ ಹಿಡ್ಕೊಂಡು.

"ಭಾವ, ತೋಟದ ಈಗಿನ ಕ್ರಯ ಎಷ್ಟು ಅಂತ ಕೇಳ್ತಾರೆ."

"ಮಾರ್ಲಿಕ್ಕೆ ಉಂಟು ಅಂತ ಅವರಿಗೆ ಯಾರು ಹೇಳಿದ್ದು?"

ತೋಟ ಯಾರದ್ದು ಅಂತಲೂ ಕೇಳ್ತದೆ ಆ ಫಾರ್ಮ್. ಆಧಾರ, ಅಂದ್ರೆ ಜಾಗದ ಪತ್ರ, ಈಗಲೂ ಅಜ್ಜನ ಹೆಸರಲ್ಲಿ, ಅಣ್ಣತಮ್ಮಂದಿರು ಮೂರು ಜನ, ಪಾಲು ಆಗ್ಲಿಲ್ಲ, ಜಾಗದ ತೀರ್ವೆ (ತೆರಿಗೆ) ಕಟ್ಟುದು ಭಾವ. ಇನ್ನು ತೋಟಕ್ಕೆ ತಾಗಿದ ಕುಮ್ಕಿ ಜಾಗ! ಸೊಪ್ಪು, ತರಗೆಲೆ ಎಲ್ಲ ಬರುದು ಅಲ್ಲಿಂದ, ಆದ್ರೆ ಜಾಗ ಸರಕಾರದ್ದು. ಅದನ್ನು ಯಾವ ಕಾಲಂನಲ್ಲಿ ಹಾಕುದು? ಕೊನೆಗೆ ಕುಮ್ಕಿ ಬಿಟ್ಟು, ತೋಟದಲ್ಲಿ ಮೂರರಲ್ಲಿ ಒಂದು ಪಾಲು ಅಂತ ಹಾಕಿ, ಯಾಕೆ ಹಾಗೆ ಅಂತ ಕೆಳಗೆ ಬರೆದೆವು. ಅಲ್ಲಿ ನಿಮ್ಮ ಮನೆಯ ವಿಶೇಷ ಪರಿಸ್ಥಿತಿ ಬರೀಲಿಕ್ಕೆ ಒಂದು ಜಾಗ ಕೊಡ್ತಾರೆ, ನನ್ನ ಪ್ರಕಾರ ಇಡೀ ಫಾರ್ಮಿನಲ್ಲಿ ಉಪಯೋಗ ಇರುದು ಅದೊಂದೇ.

ಆಮೇಲೆ ಕೈಯಲ್ಲಿರುವ ದುಡ್ಡು, ಬ್ಯಾಂಕಲ್ಲಿರುವ ದುಡ್ಡು. ಭಾವ ಪಾಸ್‌ಬುಕ್ ನೋಡಿ ಹೇಳಿದ ನಂಬರು ಕೇಳಿ ನನಗೇ ಪಾಪ ಅನ್ನಿಸ್ತು. ಅಷ್ಟರಲ್ಲಿ ಅಳಿಯ ಸಣ್ಣ ಸ್ವರದಲ್ಲಿ, "ಮಾವ, ಅಟ್ಟದಲ್ಲಿ ಹನ್ನೊಂದು ಗೋಣಿ ಹಳೇ ಅಡಿಕೆ ಉಂಟು" ಅಂದ. ಭಾವ ಮಗುಚುದನ್ನು ನಿಲ್ಲಿಸಿ ಮಗನನ್ನೇ ನೋಡಿದರು. ಅಡಿಕೆಯವರಿಗೆ ಬೇರೆ ಹೇಳ್ಬೇಕಂತಿಲ್ಲ, ನಮ್ಮ ಬ್ಯಾಂಕು ಅಟ್ಟದಲ್ಲೇ ಇರುದು, ಮದುವೆಗೋ ಆಸ್ಪತ್ರೆಗೋ ಅಂತ ಎರಡು ಗೋಣಿ ಇಳಿಸುದು. ಅದನ್ನೂ ಫಾರ್ಮಲ್ಲಿ ಹಾಕಿದೆವು. ಅಕ್ಕ ಹಿಂದಿಂದ "ಇನ್ನು ನನ್ನ ಕರಿಮಣಿಯನ್ನೂ ತೂಗಿ ಹಾಕಿ" ಅಂತ ಒಳಗೆ ಹೋದಳು.

ಇಷ್ಟೆಲ್ಲ ಮಾಡಿ ಕಳಿಸಿದ ಮೇಲೆ ಒಂದು ಕಾಲೇಜು ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಕೊಡಿ ಅಂತು. ನಮ್ಮಲ್ಲಿ ಕೃಷಿ ಆದಾಯಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲ, ಭಾವ ರಿಟರ್ನ್ ಹಾಕಿದವರೇ ಅಲ್ಲ. ಸರಕಾರಿ ಅರ್ಜಿಗಳನ್ನು ಹಾಕುವ ಅಕ್ಷಯ ಕೇಂದ್ರಕ್ಕೆ ಹೋಗಿ ಅರ್ಜಿ ಹಾಕಿ ವಿಲೇಜ್ ಆಫೀಸಿಂದ ಆದಾಯದ ಸರ್ಟಿಫಿಕೇಟ್ ತಂದು ಕಳಿಸಿದ್ರೆ ಹೊಸ ತಲೆಬಿಸಿ, ಅದರಲ್ಲಿದ್ದ ಆದಾಯ ನಾವು ಫಾರ್ಮಲ್ಲಿ ಹಾಕಿದ್ದರ ಅರ್ಧವೂ ಇಲ್ಲ! ಎರಡು ನಂಬರು ಯಾಕೆ ಬೇರೆ ಬೇರೆ ಅಂತ ಕಾಲೇಜಿನವರು ಕೇಳಿದರು, ಕೇಳಿದ್ದು ತಪ್ಪೂ ಅಲ್ಲ. "ಕಮ್ಮಿದೇ ಇರ್ಲಿ ಮಾರಾಯ, ಮೊಹರು ಉಂಟಲ್ಲ" ಅಂದರು ಭಾವ. ನಾನು ಬೇಡ ಅಂದೆ. ಅಡಿಕೆ ಬೆಳೆಗಾರರ ಸಹಕಾರಿ ಸಂಘ ಕ್ಯಾಂಪ್ಕೋಕ್ಕೆ ಹಾಕಿದ ಅಡಿಕೆಯ ಬಿಲ್ಲುಗಳನ್ನೆಲ್ಲ ಹುಡುಕಿಸಿ, ಕೊಯ್ಲಿನ ಕೂಲಿ, ಮದ್ದು ಬಿಟ್ಟ ಖರ್ಚು, ಗೊಬ್ಬರ ಎಲ್ಲ ಕಳೆದು ಒಂದು ಕಾಗದದಲ್ಲಿ ಲೆಕ್ಕ ಬರೆದು ಕಳಿಸಿದೆವು. ಆ ವರ್ಷ ಮಳೆ ಬಿಡದೆ ಕೊಳೆರೋಗ ಬಂದು ಅರ್ಧ ಫಸಲು ನೆಲಕ್ಕೆ ಬಿದ್ದಿತ್ತು, ಅದಕ್ಕೆ ಕೃಷಿಭವನದ್ದೊಂದು ಕಾಗದ ಇತ್ತು, ಕೈಬರಹದ ಮಲಯಾಳ. ನಾನು ಕನ್ನಡ ಮೀಡಿಯಂ, ಮಲಯಾಳ ಅಕ್ಷರ ಕೂಡಿಸಿ ಓದುವಾಗ ಬೆಳಗಾಗ್ತದೆ, ಹಾಗಾಗಿ ಅಳಿಯ ಓದಿ ಕನ್ನಡದಲ್ಲಿ ಹೇಳಿದ, ನಾನು ಇಂಗ್ಲಿಷಲ್ಲಿ ಬರೆದೆ. "ಕೊಳೆರೋಗ"ಕ್ಕೆ ಎಂತ ಬರೆಯುದು ಅಂತ ಅರ್ಧ ಗಂಟೆ ಚರ್ಚೆ!

ತೋಟ ಇದ್ದವ ಶ್ರೀಮಂತನಾ ಅನ್ನುವ ಜಗಳ ಇಲ್ಲಿಯ ರೈತರದ್ದೂ ಹೌದು. ಫಾಫ್ಸಾದಲ್ಲಿ ಮೊದಲು ಮನೆಯವರು ಇದ್ದು ದುಡಿಯುವ ಜಮೀನನ್ನು ಆಸ್ತಿ ಅಂತ ಹಿಡೀತಿರ್ಲಿಲ್ಲ, 2024-25ರಿಂದ ಹಿಡೀಲಿಕ್ಕೆ ಶುರು ಮಾಡಿದರು, ಬೊಬ್ಬೆ ಆಯ್ತು, 2025ರಲ್ಲಿ ಕಾನೂನು ತಂದು 2026-27ರಿಂದ ಪುನಃ ಲೆಕ್ಕದಿಂದ ಬಿಟ್ಟರು. ಭಾವನಿಗೆ ಇದನ್ನು ಹೇಳಿದ್ದಕ್ಕೆ ಜೋಳ ಬೆಳೆಯುವವರ ಮೇಲೆ ಒಮ್ಮೆಲೇ ಪ್ರೀತಿ ಬಂತು.

ಮಾರ್ಚಲ್ಲಿ ಉತ್ತರ ಬಂತು. ಮೂರು ಕಡೆ ಇಲ್ಲ, ಒಂದು ಕಡೆ ಸೀಟು ಉಂಟು ದುಡ್ಡಿಲ್ಲ. ಐದನೆಯದ್ದು, ಲೆಕ್ಕ ಕೇಳಿ ಜೀವ ತಿಂದ ಅದೇ ಕಾಲೇಜು, ವರ್ಷಕ್ಕೆ 9,000 ಡಾಲರ್ ನೀವು ಹಾಕಿ, ಬಾಕಿ ನಾವು ನೋಡ್ಕೊಳ್ತೇವೆ ಅಂತು. ಅದಕ್ಕೆ ಸ್ವಲ್ಪ ಬ್ಯಾಂಕ್ ಸಾಲ, ಸ್ವಲ್ಪ ನಾನು, ನಾಲ್ಕು ಗೋಣಿ ಅಟ್ಟದಿಂದ ಇಳೀತು. ಅವನು ಈಗ ಕಾಲೇಜಿನ ಲೈಬ್ರರಿಯಲ್ಲಿ ಕೆಲಸವೂ ಮಾಡ್ತಾನೆ, ಕ್ಲಾಸ್ ಇರುವಾಗ ವಾರಕ್ಕೆ 20 ಗಂಟೆ ದಾಟ್ಲಿಕ್ಕಿಲ್ಲ.

ಈ ಕಾಲೇಜಿಗೆ ಪ್ರತಿ ವರ್ಷ ಪುನಃ ಲೆಕ್ಕ ಕೊಡ್ಬೇಕು ಅಂತ ಭಾವನಿಗೆ ನಾನು ಮೊದಲೇ ಸರಿಯಾಗಿ ಹೇಳಿರ್ಲಿಲ್ಲ, ತಪ್ಪು ನನ್ನದೇ. ಮೊನ್ನೆ ಫೋನ್ ಮಾಡಿ ಕೇಳಿದರು, "ಈ ಸಲ ಅಡಿಕೆಗೆ ಕ್ರಯ ಚೂರು ಬಂದಿದೆ, ಅದನ್ನೂ ಹಾಕ್ಬೇಕಾ?"

"ಹಾಕ್ಬೇಕು ಭಾವ."

"ಹಾಗಾದ್ರೆ ಮಾರುದಿಲ್ಲ, ಅಟ್ಟದಲ್ಲೇ ಇರ್ಲಿ."

"ಅಟ್ಟದ್ದನ್ನೂ ಹಾಕ್ಬೇಕು."

"ಅದು ನೋಡು, ಅವನು ಅವತ್ತು ಬಾಯಿ ಬಿಡದೇ ಇರ್ತಿದ್ರೆ..." ಅಂತ ಫೋನ್ ಅಕ್ಕನ ಕೈಗೆ ಕೊಟ್ಟರು.