ಸುರಂಗ ಬಾವಿ ರಂಗಕ್ಕೆ ಬಂದದ್ದು

ನಾನು ಬೀದರಿನಲ್ಲಿ ಮೋಟರ್ ವೈಂಡಿಂಗ್ ಮಾಡುವವನು. ಸುಟ್ಟ ಸಬ್‌ಮರ್ಸಿಬಲ್ ಮೋಟರ್ ಬಿಚ್ಚಿ, ಹಳೆ ತಂತಿ ಕಿತ್ತು, ಹೊಸದು ಸುತ್ತಿ ಕೊಡುವುದು 22 ವರ್ಷದ ಕೆಲಸ. ಏಪ್ರಿಲ್ ಬಂತೆಂದರೆ ಅಂಗಡಿ ಮುಂದೆ ಮೋಟರ್‌ಗಳ ಸಾಲು. ಬೋರಿನಲ್ಲಿ ನೀರು ಕೆಳಗೆ ಹೋಗುತ್ತದೆ, ಮೋಟರ್ ನೀರಿಲ್ಲದೆ ಓಡುತ್ತದೆ, ಸುಡುತ್ತದೆ.

ಅಂಥ ಒಂದು ಬೇಸಿಗೆಯಲ್ಲಿ ಬೀದರಿನ ನೌಬಾದ್ ಕಡೆ ಮೋಟರ್ ಇಳಿಸಲು ಹೋಗಿದ್ದೆ. ಬರುವಾಗ ಸುಮ್ನೆ ಸುರಂಗ ಬಾವಿಗೆ ಇಳಿದೆ. ಮೇಲಿನ ಗಾಳಿಬಾವಿಯಿಂದ ಬೆಳಕು ದುಂಡಗೆ ಬಿದ್ದಿತ್ತು. ಆಮೇಲೆ ಕತ್ತಲು. ದೂರದಲ್ಲಿ ಇನ್ನೊಂದು ದುಂಡು ಬೆಳಕು. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ನನ್ನ ನಾಟಕ ಶುರುವಾದದ್ದು ಅಲ್ಲೇ.

ಈ ಸುರಂಗ ಬಹಮನಿ ಸುಲ್ತಾನರ ಕಾಲದ್ದು. ಕರೇಜ್ ಅಂತಲೂ ಕರೆಯುತ್ತಾರೆ. ಇರಾನ್ ದೇಶದ ವಿದ್ಯೆ ಇದು. ಎತ್ತರದ ಜಾಗದಲ್ಲಿ ನೀರು ಸಿಗುವ ತನಕ ಒಂದು ತಾಯಿಬಾವಿ ತೋಡುತ್ತಾರೆ. ತಗ್ಗಿನ ಕಡೆಯಿಂದ ಅದರತ್ತ ಸುರಂಗ ಕೊರೆಯುತ್ತಾ ಹೋಗುತ್ತಾರೆ. ನಡುನಡುವೆ ಮೇಲಿನಿಂದ ಗಾಳಿಬಾವಿ ಇಳಿಸುತ್ತಾರೆ. ಮಣ್ಣು ಮೇಲೆ ಹೋಗುವುದು, ಗಾಳಿ ಕೆಳಗೆ ಬರುವುದು ಅದರಿಂದಲೇ. ಸುರಂಗಕ್ಕೆ ಒಂಚೂರು ಇಳಿಜಾರು ಕೊಟ್ಟರೆ ಸಾಕು, ನೀರು ತಾನೇ ಹರಿಯುತ್ತದೆ. ಮೋಟರ್ ಬೇಡ, ಕರೆಂಟ್ ಬೇಡ. ಹಳೆ ಸ್ಮಾರಕ ಉಳಿಸುವ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಅನ್ನುವ ಸಂಸ್ಥೆ ಬೀದರಿನ ಹಳೆ ನಗರವನ್ನು ತನ್ನ 2014ರ ಕಾಳಜಿಯ ಪಟ್ಟಿಗೆ ಸೇರಿಸಿತ್ತು. ನಮ್ಮ ಊರಿನವರಿಗೇ ಅದು ಜಾಸ್ತಿ ಗೊತ್ತಿಲ್ಲ ಅನ್ನುವುದು ನನ್ನ ಸಂಕಟ.

ಇದನ್ನೆಲ್ಲ ನಾಟಕದಲ್ಲಿ ಹೇಳಬೇಕು ಅಂತ ಮೊದಲು ಬರೆದದ್ದು 40 ಪುಟ. ಒಬ್ಬ ಸೂತ್ರಧಾರ ಬಂದು ಬಹಮನಿ ರಾಜಧಾನಿ ಕಲಬುರಗಿಯಿಂದ ಬೀದರಿಗೆ ಬಂದದ್ದು, ಬಹಮನಿ ಮಂತ್ರಿ ಮಹಮೂದ್ ಗಾವಾನ್ ಮದರಸಾ ಕಟ್ಟಿದ್ದು, ಎಲ್ಲ ವಿವರಿಸುತ್ತಿದ್ದ. ಅಂಗಡಿ ಹಿಂದಿನ ಖಾಲಿ ಜಾಗದಲ್ಲಿ ಏಳು ಜನ ಕೂತು ಓದಿದೆವು. ಅದರಲ್ಲಿ ಒಬ್ಬರು ಟೇಲರ್, ಒಬ್ಬರು ಅಂಗನವಾಡಿ ಟೀಚರ್, ಉಳಿದವರು ಕಾಲೇಜು ಹುಡುಗ ಹುಡುಗಿಯರು. ಓದು ಮುಗಿದ ಮೇಲೆ ಎಲ್ಲರಿಗಿಂತ ಸಣ್ಣ ಹುಡುಗಿ ಮೆಲ್ಲಗೆ ಹೇಳಿದಳು, "ಕಾಕಾ, ಸಾಲ್ಯಾಗ ಪಾಠ ಕೇಳ್ದಂಗ ಅದ."

ಆ ರಾತ್ರಿ ನಿದ್ದೆ ಬರಲಿಲ್ಲ. ಅವಳು ಹೇಳಿದ್ದು ಸರಿ ಇತ್ತು.

ಮಾರನೇ ವಾರ ಸೂತ್ರಧಾರನನ್ನು ತೆಗೆದುಹಾಕಿದೆ. ಉಳಿದದ್ದು ಇಬ್ಬರೇ. ಇರಾನಿನಿಂದ ಬಂದ ಒಬ್ಬ ಸುರಂಗದ ಉಸ್ತಾದ್, ಬೀದರಿನ ಕೆಂಪು ಜಂಬಿಟ್ಟಿಗೆ ಕಲ್ಲು ಒಡೆಯುವ ಒಬ್ಬ ಆಳು. ಇವನ ಮಾತು ಅವನಿಗೆ ತಿಳಿಯದು, ಅವನದು ಇವನಿಗೆ ತಿಳಿಯದು. ಇಬ್ಬರೂ ಸೇರಿ ನೆಲದೊಳಗೆ ನೆಟ್ಟಗೆ ಹೋಗಬೇಕು. ಅದಕ್ಕೆ ಹಳೆಯ ಉಪಾಯ ಒಂದಿದೆ. ಕೊರೆಯುವವನು ಬೆನ್ನ ಹಿಂದೆ ಎರಡು ಎಣ್ಣೆ ದೀಪ ಇಡುತ್ತಾನೆ. ತಿರುಗಿ ನೋಡಿದಾಗ ಎರಡು ದೀಪ ಒಂದೇ ಆಗಿ ಕಂಡರೆ ಸುರಂಗ ನೆಟ್ಟಗಿದೆ. ಎರಡು ಕಂಡರೆ ದಾರಿ ತಪ್ಪಿದೆ. ನಮ್ಮ ನಾಟಕದಲ್ಲಿ ಮಾತಾಡುವುದು ಆ ದೀಪಗಳೇ.

ರಂಗದ ಮೇಲೆ ಇದನ್ನು ತರುವುದು ಸುಲಭ ಇರಲಿಲ್ಲ. ಮೊದಲು ಸುರಂಗವನ್ನು ಎಡದಿಂದ ಬಲಕ್ಕೆ ಇಟ್ಟೆವು. ರಸ್ತೆ ಹಾಗೆ ಕಾಣುತ್ತಿತ್ತು. ಹತ್ತು ದಿನ ಹಾಗೇ ಒದ್ದಾಡಿದೆವು. ಆಮೇಲೆ ಸುರಂಗವನ್ನು ತಿರುಗಿಸಿ, ಹಿಂದಿನ ಗೋಡೆಯಿಂದ ಜನರ ಕಡೆಗೆ ಬರುವ ಹಾಗೆ ಮಾಡಿದೆವು. ಕೊರೆಯುವವನು ಈಗ ಪ್ರೇಕ್ಷಕರ ಕಡೆಗೇ ಕೊರೆಯುತ್ತಾನೆ. ಅವನು ತಿರುಗಿ ನೋಡಿದಾಗ ಅವನ ಜೊತೆ ಪ್ರೇಕ್ಷಕರೂ ದೀಪ ನೋಡುತ್ತಾರೆ.

ಇನ್ನು ಬೆಳಕು. ಬಾಡಿಗೆಗೆ ಲೈಟ್ ಕೊಡುತ್ತೇನೆ ಅಂದವರು ಎಂಟು ದಿನ ಇರುವಾಗ ಬೇರೆ ಕಾರ್ಯಕ್ರಮ ಹಿಡಿದರು. ನನಗೆ ಕೈಕಾಲು ಆಡಲಿಲ್ಲ. ಅಂಗಡಿಯಲ್ಲಿ ಕೂತಾಗ ಮೂಲೆಯಲ್ಲಿದ್ದ ಬೋರಿನ ಕೇಸಿಂಗ್ ಪೈಪಿನ ಮೇಲೆ ಕಣ್ಣು ಬಿತ್ತು. ಎರಡೆರಡು ಅಡಿಯ ಆರು ತುಂಡು ಕೊಯ್ದೆ. ಒಳಗೆ ಕಪ್ಪು ಬಣ್ಣ ಬಳಿದೆ. ಮೇಲೆ ಒಂದೊಂದು ಎಲ್‌ಇಡಿ ಬಲ್ಬ್ ಕೂರಿಸಿ, ಬಾಯಿ ಕೆಳಗೆ ಮಾಡಿ ಕಬ್ಬಿಣದ ಪೈಪಿಗೆ ಕಟ್ಟಿ ಹಚ್ಚಿದೆ. ನೆಲದ ಮೇಲೆ ಬೆಳಕು ದುಂಡಗೆ ಬಿತ್ತು. ನೌಬಾದ್‌ನಲ್ಲಿ ಕಂಡದ್ದೇ! ಟೇಲರ್ ಮಾಮಾ ನನ್ನ ಭುಜ ಹಿಡಿದುಕೊಂಡು ನಿಂತುಬಿಟ್ಟರು.

ಕೊನೆಯ ತೊಡಕು ನೀರು. ಸುರಂಗಕ್ಕೆ ನೀರು ಬಂದದ್ದನ್ನು ಹೇಗೆ ತೋರಿಸುವುದು? ಮೊಬೈಲಿನಲ್ಲಿ ಸಿಗುವ ನೀರಿನ ಸದ್ದು ಹಾಕಿ ನೋಡಿದೆವು, ಜೀವ ಇರಲಿಲ್ಲ. ಒಂದು ಬೆಳಿಗ್ಗೆ ಮನೆಯಲ್ಲಿ ನಳದ ಕೆಳಗೆ ತಾಮ್ರದ ಕೊಡ ಇತ್ತು. ನಾನು ಹೊರಗೆ ಹಲ್ಲುಜ್ಜುತ್ತಿದ್ದೆ. ಕೊಡ ತುಂಬುತ್ತಾ ಬಂದ ಹಾಗೆ ಸದ್ದು ಸಣ್ಣಗಾಗುತ್ತಾ ಮೇಲೇರುತ್ತದೆ, ಅಲ್ವಾ? ನೋಡದೆಯೇ "ತುಂಬ್ತು" ಅಂತ ಗೊತ್ತಾಗುತ್ತದೆ. ಬಾಯಿ ತೊಳೆಯದೇ ಒಳಗೆ ಓಡಿದೆ.

ಪರದೆ ಹಿಂದೆ ಮೇಜಿನ ಮೇಲೆ ಬಕೆಟ್, ಅದರಿಂದ ರಬ್ಬರ್ ಪೈಪ್, ಕೆಳಗೆ ಅರ್ಧ ತುಂಬಿದ ಕೊಡ, ಪಕ್ಕದಲ್ಲಿ ಒಂದು ಮೈಕ್. ಇಷ್ಟೇ ವ್ಯವಸ್ಥೆ.

ಮೊದಲ ಪ್ರಯೋಗಕ್ಕೆ ಸುಮಾರು 150 ಜನ ಬಂದಿದ್ದರು. ನಾನು ಪರದೆ ಹಿಂದೆ ರಬ್ಬರ್ ಪೈಪ್ ಹಿಡಿದು ಕೂತಿದ್ದೆ, ಹಾಗಾಗಿ ನಾಟಕ ನನಗೆ ಕಾಣಲೇ ಇಲ್ಲ. ಉಸ್ತಾದ್ ತಿರುಗಿ ನೋಡಿದಾಗ ಎರಡು ದೀಪ ಒಂದಾದವು ಅನ್ನುವುದು ಜನ ಉಸಿರು ಎಳೆದದ್ದರಿಂದಲೇ ಗೊತ್ತಾಯಿತು. ನಂತರ ಪೂರ್ತಿ ಕತ್ತಲು. ಪೈಪ್ ಬಿಟ್ಟೆ. ಕೊಡದ ಸದ್ದು ಏರುತ್ತಾ ಹೋಯಿತು. ಇನ್ನೇನು ತುಂಬಬೇಕು, ಅಷ್ಟರಲ್ಲಿ ಕತ್ತಲಿನಲ್ಲಿ ಯಾರೋ ಅವ್ವ ತಡೆಯಲಾರದೆ ಅಂದರು, "ತುಂಬ್ತು ನೋಡ್ರಿ, ಬಂದ್ ಮಾಡ್ರಿ!"

ಪೈಪ್ ಮಡಚಿ ಹಿಡಿದೆ. ನನ್ನ ಕೈ ನಡುಗುತ್ತಿತ್ತು.

ಬಾಗಿಲ ಬಳಿ ಆ ಅವ್ವನನ್ನು ಹುಡುಕಿದೆ, ಸಿಗಲಿಲ್ಲ. ಒಬ್ಬ ಚಾಚಾ ಮಾತ್ರ ಕೈ ಹಿಡಿದು, ನೌಬಾದ್‌ಗೆ ಯಾವ ರಸ್ತೆಯಿಂದ ಹೋಗಬೇಕು, ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಬೇಕು ಅಂತ ಕೇಳಿದರು. ಚೀಟಿಯ ಹಿಂದೆ ದಾರಿ ಬರೆದು ಕೊಟ್ಟೆ.

ಮಳೆಗಾಲ ಮುಗಿದ ಮೇಲೆ ಎರಡನೇ ಪ್ರಯೋಗ. ನೌಬಾದ್‌ನಲ್ಲೇ ಬಯಲಿನಲ್ಲಿ ಮಾಡುವ ಆಸೆ ಇದೆ. ಆರು ಪೈಪಿನ ತುಂಡು ಅಂಗಡಿಯ ಅಟ್ಟದ ಮೇಲೆ ಕಟ್ಟಿಟ್ಟಿದ್ದೇನೆ. ಕೊಡ ಮಾತ್ರ ಮನೆಗೆ ವಾಪಸ್ ಹೋಗಿದೆ, ದಿನಾ ಬೆಳಿಗ್ಗೆ ಬೇಕಲ್ಲ.