ಹದಿನಾಲ್ಕು ಕುರ್ಚಿಗಳ ಕೋಣೆ

ಸರ್ ತೀರಿಕೊಂಡ ಸುದ್ದಿ ಬಂದಾಗ ನಾನು ಕ್ಲಾಸಿನಲ್ಲಿದ್ದೆ. ಪಾಠ ಮುಗಿಸಿ ಫೋನ್ ನೋಡಿದರೆ ನಮ್ಮ ಹಳೆಯ ಆನರ್ಸ್ ಬ್ಯಾಚಿನ ಗುಂಪಿನಲ್ಲಿ ಹನ್ನೊಂದು ಮೆಸೇಜ್. ಹುಟ್ಟುಹಬ್ಬದ ಶುಭಾಶಯ ಬಿಟ್ಟರೆ ವರ್ಷಗಟ್ಟಲೆ ಏನೂ ಬಾರದ ಗುಂಪು ಅದು. ತೆರೆಯುವ ಮೊದಲೇ ಏನೋ ಆಗಿದೆ ಅಂತ ಗೊತ್ತಾಯಿತು.

ಮೂರು ವಾರದ ಮೇಲೆ ವಿಶ್ವವಿದ್ಯಾಲಯದಲ್ಲಿ ಅವರ ನೆನಪಿಗೆ ಒಂದು ಸಭೆ ನಡೆಯಿತು. ನಾವು ಹನ್ನೆರಡು ಜನರಲ್ಲಿ ಎಂಟು ಜನ ಹೋಗಿದ್ದೆವು. ಭಾಷಣಗಳು ಮುಗಿದ ಮೇಲೆ ಯಾರೂ ಯಾರನ್ನೂ ಕರೆಯಲಿಲ್ಲ. ಆದರೂ ಎಲ್ಲರ ಕಾಲೂ ಎರಡನೇ ಮಹಡಿಯ ಮೂಲೆಯ ಕೋಣೆಯ ಕಡೆಗೇ ತಿರುಗಿದವು. ಆ ಉದ್ದನೆಯ ಮೇಜು ಇನ್ನೂ ಅಲ್ಲೇ ಇದೆ. ಸುತ್ತ ಹದಿನಾಲ್ಕು ಕುರ್ಚಿ. ಹನ್ನೆರಡು ನಮಗೆ, ಎರಡು ಅವರಿಬ್ಬರಿಗೆ. ಸರ್ ಕೂರುತ್ತಿದ್ದ ಕಿಟಕಿ ಪಕ್ಕದ ಕುರ್ಚಿಯನ್ನು ಬಿಟ್ಟು ಉಳಿದವುಗಳಲ್ಲಿ ಕೂತೆವು.

ಅವರಿಬ್ಬರು ಅಂದೆ. ನಮ್ಮ ಆನರ್ಸ್ ಸೆಮಿನಾರಿಗೆ ಇಬ್ಬರು ಮೇಷ್ಟ್ರು. ಮೇಡಂ ಇತಿಹಾಸ ವಿಭಾಗದವರು, ಸರ್ ಸಂಖ್ಯಾಶಾಸ್ತ್ರದವರು. ಇಬ್ಬರೂ ಪ್ರತಿ ಕ್ಲಾಸಿಗೂ ಒಟ್ಟಿಗೇ ಬರುತ್ತಿದ್ದರು. ಒಬ್ಬರು ಪಾಠ ಮಾಡಿ ಇನ್ನೊಬ್ಬರು ಸುಮ್ನೆ ಕೂರುವ ಏರ್ಪಾಡಲ್ಲ ಅದು. ನಮ್ಮೆದುರಿಗೇ ವಾದ ಮಾಡುತ್ತಿದ್ದರು. ಅಲ್ಲಿಯವರೆಗೆ ನಾವು ನೋಡಿದ್ದ ಮೇಷ್ಟ್ರುಗಳೆಲ್ಲ ಒಬ್ಬರ ಮಾತನ್ನು ಇನ್ನೊಬ್ಬರು ಬಿಟ್ಟುಕೊಡದವರು. ಇಲ್ಲಿ ಮೊದಲ ದಿನವೇ ಮೇಡಂ, "ಇಲ್ಲ, ನೀವು ಹೇಳ್ತಿರೋದು ತಪ್ಪು" ಅಂದರು. ಸರ್ ತಲೆಯಾಡಿಸಿ, "ಇರಬಹುದು, ತೋರಿಸಿ" ಅಂದರು. ಹನ್ನೆರಡು ಜನವೂ ಉಸಿರು ಬಿಗಿಹಿಡಿದು ಕೂತಿದ್ದೆವು.

ಅವರ ಜಗಳದ ವಿಷಯ 1854ರ ಲಂಡನ್ ಕಾಲರಾ. ಆ ವರ್ಷದ ಸಿಲೆಬಸ್ಸಿನಲ್ಲಿ ಇನ್ನೂ ಏನೇನೋ ಇತ್ತು, ಒಂದೂ ನೆನಪಿಲ್ಲ. ಆದರೆ ಆ ಕಾಲರಾ ಮಾತ್ರ ನಿನ್ನೆ ನಮ್ಮ ಬೀದಿಯಲ್ಲೇ ಬಂದು ಹೋದ ಹಾಗೆ ನೆನಪಿದೆ. ಆಗಸ್ಟ್ ಕೊನೆಯ ದಿನ ಸೋಹೊ ಭಾಗದಲ್ಲಿ ಶುರುವಾಗಿ ಹತ್ತೇ ದಿನದಲ್ಲಿ ಐನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಕಾಯಿಲೆ. ಕೆಟ್ಟ ಗಾಳಿಯಿಂದ ಬರುತ್ತದೆ ಅಂತ ಆಗ ಹೆಚ್ಚಿನವರ ನಂಬಿಕೆ. ಜಾನ್ ಸ್ನೋ ಎಂಬ ವೈದ್ಯ ಮಾತ್ರ ನೀರಿನಿಂದ ಅಂದ. ಯಾವ ಮನೆಯಲ್ಲಿ ಎಷ್ಟು ಸಾವು ಅಂತ ನಕ್ಷೆಯಲ್ಲಿ ಗುರುತು ಹಾಕಿದ. ಬ್ರಾಡ್ ಸ್ಟ್ರೀಟಿನ ಪಂಪಿನ ಸುತ್ತಲೇ ಗುರುತುಗಳು ಗುಡ್ಡೆಯಾದವು.

ಮೇಡಂ ಆ ನಕ್ಷೆಯನ್ನು ಮೇಜಿನ ಮೇಲೆ ಹರಡಿ ಕೇಳಿದರು: "ಪಂಪಿಗೆ ಇಷ್ಟು ಹತ್ತಿರ ಇದ್ದೂ ಸಾಯದವರು ಯಾರು?" ಅರ್ಧ ಗಂಟೆ ಹುಡುಕಿದೆವು. ಅಲ್ಲೇ ಒಂದು ಬಿಯರ್ ತಯಾರಿಸುವ ಕಾರ್ಖಾನೆ. ಎಪ್ಪತ್ತಕ್ಕೂ ಹೆಚ್ಚು ಕೆಲಸಗಾರರಿದ್ದರೂ ಅಲ್ಲಿ ಕಾಲರಾದಿಂದ ಒಬ್ಬರೂ ಸಾಯಲಿಲ್ಲ. ಅವರು ಪಂಪಿನ ನೀರು ಕುಡಿಯುತ್ತಲೇ ಇರಲಿಲ್ಲ. ಪಕ್ಕದಲ್ಲೇ ಬಡವರ ವಸತಿಗೃಹ. 535 ಜನರಲ್ಲಿ ಸತ್ತವರು 5 ಮಂದಿ. ಅವರಿಗೆ ಸ್ವಂತ ಬಾವಿ ಇತ್ತು. ಉತ್ತರ ಹೊಳೆದಾಗ ನಮ್ಮಲ್ಲೊಬ್ಬ ಎದ್ದು ನಿಂತುಬಿಟ್ಟ. ಮೇಡಂ ಅವನನ್ನು ಕೂರು ಅನ್ನಲಿಲ್ಲ.

ಸರ್ ಒಪ್ಪಲಿಲ್ಲ. ನಕ್ಷೆ ಕಣ್ಣಿಗೆ ಚೆಂದ, ಆದರೆ ಪುರಾವೆ ಇಲ್ಲಿದೆ ಅಂತ ಒಂದು ಕೋಷ್ಟಕ ತೆಗೆದರು. ಅದೂ ಸ್ನೋ ಮಾಡಿದ್ದೇ. ಲಂಡನ್ನಿನ ಒಂದೇ ಭಾಗಕ್ಕೆ ಎರಡು ಕಂಪನಿ ನೀರು ಕೊಡುತ್ತಿದ್ದವು. ಎಷ್ಟೋ ಬೀದಿಗಳಲ್ಲಿ ಒಂದು ಮನೆಗೆ ಈ ನೀರು, ಪಕ್ಕದ ಮನೆಗೆ ಆ ನೀರು. ಸೌತ್‌ವಾರ್ಕ್ ಅಂಡ್ ವಾಕ್ಸ್‌ಹಾಲ್ ಕಂಪನಿಯ ಗಲೀಜು ನೀರು ಹೋಗುತ್ತಿದ್ದ 40,046 ಮನೆಗಳಲ್ಲಿ 1,263 ಸಾವು. ಹೊಳೆಯ ಮೇಲ್ಭಾಗದಿಂದ ನೀರು ತರುತ್ತಿದ್ದ ಲ್ಯಾಂಬೆತ್ ಕಂಪನಿಯ 26,107 ಮನೆಗಳಲ್ಲಿ 98. "ಹತ್ತು ಸಾವಿರ ಮನೆಗೆ ಎಷ್ಟು, ನೀವೇ ಲೆಕ್ಕ ಹಾಕಿ" ಅಂದರು. ದಶಾಂಶ ಬಿಟ್ಟರೆ 315 ಮತ್ತು 37 ಬಂತು. ಆ ಎರಡು ಸಂಖ್ಯೆ ಬರೆದ ನನ್ನ ನೋಟ್‌ಬುಕ್ಕಿನ ಹಾಳೆ ಈಗಲೂ ನನ್ನ ಹತ್ತಿರ ಇದೆ. ಸಂಖ್ಯೆ ನೋಡಿ ಮೈ ಜುಮ್ಮೆಂದದ್ದು ನನಗೆ ಅದೇ ಮೊದಲು.

ಅದಕ್ಕೆ ಮೇಡಂ ಉತ್ತರ: ಹೆನ್ರಿ ವೈಟ್‌ಹೆಡ್. ಆ ಬಡಾವಣೆಯ ಎಳೆಯ ಪಾದ್ರಿ. ಸ್ನೋ ಹೇಳಿದ್ದು ತಪ್ಪು ಅಂತ ತೋರಿಸಲು ಹೊರಟವನು. ಮನೆಮನೆಗೆ ಹೋಗಿ, ಬದುಕುಳಿದವರನ್ನು ಮತ್ತೆ ಮತ್ತೆ ಮಾತಾಡಿಸಿ, ಕೊನೆಗೆ ಸ್ನೋ ಹೇಳಿದ್ದೇ ಸರಿ ಅಂತ ಒಪ್ಪಿಕೊಂಡ. ಅಷ್ಟೇ ಅಲ್ಲ, ಪಂಪಿನ ಪಕ್ಕದ 40ನೇ ನಂಬರಿನ ಮನೆಯ ಹಸುಗೂಸಿನಿಂದ ಕಾಯಿಲೆ ಬಾವಿಗೆ ಇಳಿದಿರಬೇಕು ಅಂತ ಪತ್ತೆ ಮಾಡಿದವನೂ ಅವನೇ. "ಮನೆ ಬಾಗಿಲು ತಟ್ಟದೆ ಇದು ಯಾವ ಕೋಷ್ಟಕದಲ್ಲಿ ಸಿಗುತ್ತಿತ್ತು ಹೇಳಿ" ಅಂತ ಮೇಡಂ ಸರ್ ಕಡೆ ನೋಡಿದರು. ಸರ್ ಬಹಳ ಹೊತ್ತು ಸುಮ್ಮನಿದ್ದು, "ಹೌದು, ಸಿಗುತ್ತಿರಲಿಲ್ಲ" ಅಂದರು. ಅಷ್ಟು ದೊಡ್ಡ ವಿದ್ವಾಂಸರು, ಹತ್ತೊಂಬತ್ತು ವರ್ಷದ ಹುಡುಗ ಹುಡುಗಿಯರ ಎದುರಿಗೆ!

ಸರ್ ಕೋಣೆಯ ಬಾಗಿಲು ಮಧ್ಯಾಹ್ನ ಯಾವಾಗಲೂ ತೆರೆದಿರುತ್ತಿತ್ತು. ಕರಡು ತೆಗೆದುಕೊಂಡು ಹೋದರೆ ಆಮೇಲೆ ಬಾ ಅನ್ನುತ್ತಿರಲಿಲ್ಲ. ನಮ್ಮನ್ನು ಕೂರಿಸಿಕೊಂಡೇ ಓದುತ್ತಿದ್ದರು. ಒಂದೊಂದು ಸಾಲಿನ ಕೆಳಗೂ ಪೆನ್ಸಿಲ್ ನಿಧಾನವಾಗಿ ಸರಿಯುತ್ತಿತ್ತು. ಪೆನ್ಸಿಲ್ ನಿಂತರೆ ನಮ್ಮ ಎದೆಯೂ ನಿಂತ ಹಾಗೆ. ಏನೂ ಬರೆಯದೆ ಕಾಯುತ್ತಿದ್ದರು. ಆ ಸಾಲಿನಲ್ಲಿ ಏನು ಸರಿಯಿಲ್ಲ ಅಂತ ನಾವೇ ಹೇಳುವವರೆಗೆ ಕಾಯುತ್ತಿದ್ದರು. ಒಮ್ಮೆ ನನ್ನ ಒಂದು ಪುಟಕ್ಕೆ ಪೂರ್ತಿ ಮುಕ್ಕಾಲು ಗಂಟೆ ಹಿಡಿಯಿತು. ನನ್ನ ಬರಹವನ್ನು ಅದಕ್ಕಿಂತ ಮೊದಲು ಯಾರೂ ಹಾಗೆ ಓದಿರಲಿಲ್ಲ. ಆಮೇಲೂ ಇಲ್ಲ.

ಕೊನೆಯ ವರ್ಷದ ಪ್ರಬಂಧದ ಮೌಖಿಕ ಪರೀಕ್ಷೆಗೆ ಹೊರಗಿನಿಂದ ಪರೀಕ್ಷಕರು ಬರುತ್ತಿದ್ದರು. ನಮಗೆಲ್ಲ ಭಯ. ನೀವೇ ಪರೀಕ್ಷೆ ಮಾಡಬಾರದಾ ಸರ್ ಅಂತ ಕೇಳಿದ್ದೆವು. ಆಗ ಅವರು ಫ್ರಾಂಕ್ ಏಡೆಲಾಟ್ ವಿಷಯ ಹೇಳಿದರು. ಆಕ್ಸ್‌ಫರ್ಡಿನಲ್ಲಿ ಓದಿ ಬಂದ ಏಡೆಲಾಟ್ ಅಮೆರಿಕದ ಸ್ವಾರ್ಥ್‌ಮೋರ್ ಕಾಲೇಜಿನ ಅಧ್ಯಕ್ಷರಾಗಿ 1922ರಲ್ಲಿ ಅಲ್ಲಿ ಆನರ್ಸ್ ಶುರು ಮಾಡಿದರು. ಚಿಕ್ಕ ಚಿಕ್ಕ ಸೆಮಿನಾರುಗಳು, ಕೊನೆಯಲ್ಲಿ ಹೊರಗಿನ ಪರೀಕ್ಷಕರು. "ಮಾರ್ಕ್ಸ್ ನನ್ನ ಕೈಯಲ್ಲಿದ್ದರೆ ನೀವು ನನ್ನ ಮುಖ ನೋಡಿಕೊಂಡು ಬರೆಯುತ್ತೀರಿ. ಅದು ಬೇರೆಯವರ ಕೈಯಲ್ಲಿದ್ದರೆ ನಾನೂ ನಿಮ್ಮ ಕಡೆಯವನೇ" ಅಂದರು ಸರ್. ಪರೀಕ್ಷೆಯ ದಿನ ಬಾಗಿಲ ಹೊರಗೆ ನಮಗಿಂತ ಜಾಸ್ತಿ ಓಡಾಡಿದ್ದು ಅವರೇ.

ಇನ್ನು ನಾವು ಮಾಡಿದ ಕಿತಾಪತಿ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಗೆಳತಿಯ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ.

ಎರಡನೇ ಸೆಮಿಸ್ಟರಿನಲ್ಲಿ ನಾವಿಬ್ಬರೂ ಸೇರಿ ಇಪ್ಪತ್ತು ಪುಟದ ಒಂದು ಪ್ರಬಂಧ ಬರೆದೆವು. ಕೆಳಗೆ ಮೂವತ್ತಕ್ಕೂ ಹೆಚ್ಚು ಅಡಿಟಿಪ್ಪಣಿ. ಇವನ್ನೆಲ್ಲ ಯಾರಾದರೂ ಓದುತ್ತಾರಾ ಅಂತ ನಮ್ಮಿಬ್ಬರಿಗೂ ಅನುಮಾನ. ಪರೀಕ್ಷೆ ಮಾಡಿಯೇ ಬಿಡೋಣ ಅಂತ ಹದಿನೇಳನೇ ಟಿಪ್ಪಣಿಯಲ್ಲಿ ಎಲ್ಲೂ ಇಲ್ಲದ ಒಬ್ಬ ವೈದ್ಯನ, ಎಲ್ಲೂ ಇಲ್ಲದ ಒಂದು ಕಿರುಹೊತ್ತಿಗೆ ಸೇರಿಸಿದೆವು. ವರ್ಷ ಹಾಕಿದೆವು, ಪುಟ ಸಂಖ್ಯೆಯನ್ನೂ ಹಾಕಿದೆವು. ನೋಡಿದರೆ ಉಳಿದವುಗಳಿಗಿಂತ ಅದೇ ನಿಜ ಅನ್ನಿಸುವ ಹಾಗಿತ್ತು.

ವಾರ ಕಳೆದು ಮೇಡಂ ಪ್ರಬಂಧ ವಾಪಸ್ ಕೊಟ್ಟರು. ಪ್ರತಿ ಟಿಪ್ಪಣಿಯ ಪಕ್ಕದಲ್ಲೂ ಪೆನ್ಸಿಲಿನ ಸಣ್ಣ ಟಿಕ್. ಹದಿನೇಳರ ಪಕ್ಕದಲ್ಲಿ ಏನೂ ಇಲ್ಲ. ಟಿಕ್ ಇಲ್ಲ, ತಪ್ಪು ಗುರುತೂ ಇಲ್ಲ. ಖಾಲಿ. ಕ್ಲಾಸಿನಲ್ಲಿ ಅವರು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಎರಡು ವಾರ ತಡೆದುಕೊಂಡು, ಕೊನೆಗೆ ನಾವೇ ಅವರ ಕೋಣೆಗೆ ಹೋಗಿ ತಲೆ ತಗ್ಗಿಸಿ ನಿಂತೆವು. ಮೇಡಂ ಡ್ರಾಯರಿನಿಂದ ಎರಡು ಕಾಗದ ತೆಗೆದರು. ಬೇರೆ ಊರಿನ ಲೈಬ್ರರಿಗಳಿಂದ ಬಂದ ಉತ್ತರ. ಅಂಥ ಪುಸ್ತಕ ನಮ್ಮಲ್ಲಿಲ್ಲ ಅಂತ.

"ನಾಲ್ಕು ಕಡೆಗೆ ಬರೆದೆ. ಇನ್ನೂ ಎರಡು ಕಡೆಯಿಂದ ಉತ್ತರ ಬರಬೇಕು" ಅಂದರು. "ನೀವು ಬರೆದಿದ್ದೀರಿ ಅಂದ ಮೇಲೆ ಎಲ್ಲೋ ಇರಲೇಬೇಕು ಅಂದುಕೊಂಡೆ."

ಗೆಳತಿ ಅಲ್ಲೇ ಅತ್ತುಬಿಟ್ಟಳು. ನನಗೆ ಅಳುವೂ ಬರಲಿಲ್ಲ. ನಮ್ಮ ಮಾತನ್ನು ನಂಬಿ ಒಬ್ಬರು ಕಾಗದ ಬರೆದು ಕಾಯುತ್ತಾ ಕೂತಿದ್ದರಲ್ಲ!

ವಿಷಯ ಸರ್ ಕಿವಿಗೂ ಬಿತ್ತು. ಅವರೂ ಬೈಯಲಿಲ್ಲ. ನಮ್ಮ ಅದೇ ಪ್ರಬಂಧದ ಎಂಟನೇ ಪುಟ ತೆರೆದು ಒಂದು ಸಾಲು ತೋರಿಸಿದರು. 'ಸೆಪ್ಟೆಂಬರ್ 8ರಂದು ಪಂಪಿನ ಹಿಡಿ ಕಿತ್ತು ಹಾಕಿದ್ದರಿಂದ ಕಾಲರಾ ನಿಂತಿತು' ಅಂತ ಬರೆದಿದ್ದೆವು. ಎಲ್ಲಿಂದ ತೆಗೆದುಕೊಂಡಿರಿ ಅಂದರು. ಪಠ್ಯಪುಸ್ತಕದಿಂದ ಸರ್ ಅಂದೆವು. ಸ್ನೋ ತಾನೇ ಬರೆದದ್ದನ್ನು ಓದಿ ಬನ್ನಿ ಅಂತ ಕಳಿಸಿದರು. ಓದಿದೆವು. 1855ರ ಪುಸ್ತಕದಲ್ಲಿ ಅವನೇ ಒಪ್ಪಿಕೊಂಡಿದ್ದಾನೆ. ಹಿಡಿ ಕೀಳುವ ಹೊತ್ತಿಗಾಗಲೇ ಕಾಯಿಲೆ ಬಹಳ ಇಳಿದಿತ್ತು. ಜನ ಹೆದರಿ ಊರು ಬಿಟ್ಟಿದ್ದರು. ಹಿಡಿ ಕಿತ್ತದ್ದರಿಂದಲೇ ನಿಂತಿತು ಅಂತ ಹೇಳಲು ಬರುವುದಿಲ್ಲ.

"ಹದಿನೇಳನೇದು ಸುಳ್ಳು ಅಂತ ನಿಮಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ. ನನಗೆ ಇದರದ್ದೇ ಚಿಂತೆ" ಅಂದರು ಸರ್.

ಈಗ ನಾನೂ ಮೇಷ್ಟ್ರು. ಒಂಬತ್ತು ಜನರ ಆನರ್ಸ್ ಪ್ರಬಂಧಕ್ಕೆ ಮಾರ್ಗದರ್ಶನ ಮಾಡಿದ್ದೇನೆ. ಅದರಲ್ಲಿ ಎರಡಕ್ಕೆ ವರ್ಷದ ಅತ್ಯುತ್ತಮ ಪ್ರಬಂಧ ಅಂತ ಬಹುಮಾನ ಬಂದಿದೆ. ನನ್ನ ಕೋಣೆಯ ಬಾಗಿಲೂ ಮಧ್ಯಾಹ್ನ ತೆರೆದಿರುತ್ತದೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಅವರ ಶಿಷ್ಯ ಅಂತ ಹೇಳಿಕೊಳ್ಳಲು ನನಗೆ ಇನ್ನೇನು ಬೇಕು?

ಆದರೆ ಸಂಕಟವೂ ಇದೆ. ಆನರ್ಸ್ ಅನ್ನುವುದು ಎಷ್ಟೋ ಕಡೆ ಸರ್ಟಿಫಿಕೇಟಿನ ಮೇಲಿನ ಒಂದು ಪದವಾಗಿದೆ. ಒಂದಷ್ಟು ಕ್ರೆಡಿಟ್ ಜಾಸ್ತಿ ತೆಗೆದುಕೊಂಡರೆ ಆಯಿತು. ಸೆಮಿನಾರ್ ಅಂತ ಹೆಸರು, ಒಳಗೆ ನೋಡಿದರೆ ಅರವತ್ತು ಜನ. ಇಬ್ಬರು ಮೇಷ್ಟ್ರು ಒಂದೇ ಕ್ಲಾಸಿಗೆ ಬಂದರೆ ಅದನ್ನು ಇಬ್ಬರ ಪಾಠದ ಗಂಟೆಗಳ ಲೆಕ್ಕಕ್ಕೂ ಪೂರ್ತಿ ಹಿಡಿಯುವವರು ಕಡಿಮೆ. ಒಂದು ಪುಟಕ್ಕೆ ಮುಕ್ಕಾಲು ಗಂಟೆ ಕೊಟ್ಟದ್ದನ್ನು ಬರೆದುಕೊಳ್ಳಲು ಯಾವ ಫಾರಂನಲ್ಲೂ ಜಾಗ ಇಲ್ಲ. ಸರ್ ಮತ್ತು ಮೇಡಂ ಅದನ್ನೆಲ್ಲ ತಮ್ಮ ವಿಭಾಗದ ಕೆಲಸ ಮುಗಿಸಿ, ಸ್ವಂತ ಸಮಯದಲ್ಲಿ ಮಾಡಿದರು ಅಂತ ಗೊತ್ತಾದದ್ದು ನಾನು ಮೇಷ್ಟ್ರಾದ ಮೇಲೆ. ಅವರು ನಮ್ಮ ಹತ್ತಿರ ಒಂದು ದಿನವೂ ಹೇಳಿರಲಿಲ್ಲ.

ಇನ್ನೊಂದು ಮಾತು. ಈಗ ಕಂಪ್ಯೂಟರಿಗೆ ಒಂದು ಪ್ರಶ್ನೆ ಹಾಕಿದರೆ ಎಷ್ಟೋ ಸಲ ಇಲ್ಲದ ಪುಸ್ತಕ, ಇಲ್ಲದ ಪುಟ ಸಂಖ್ಯೆ ಕ್ಷಣದಲ್ಲಿ ಬರುತ್ತದೆ. ನಾವು ಒಂದು ಸಂಜೆಯೆಲ್ಲ ಕೂತು ಕಟ್ಟಿದ್ದ ಹದಿನೇಳನೇ ಟಿಪ್ಪಣಿಯಂಥವು ಬೇಕಾದಷ್ಟು. ಮಕ್ಕಳ ತಪ್ಪು ಅಂತ ನಾನು ಹೇಳುವುದಿಲ್ಲ. ಆ ಪುಸ್ತಕ ಎಲ್ಲಿದೆ ಅಂತ ನಾಲ್ಕು ಲೈಬ್ರರಿಗೆ ಕಾಗದ ಬರೆಯುವಷ್ಟು ಅವರನ್ನು ನಂಬುವ ಮೇಷ್ಟ್ರುಗಳು ಬೇಕು, ಅಲ್ವಾ?

ಆ ದಿನ ಕೋಣೆಯಲ್ಲಿ ಒಬ್ಬೊಬ್ಬರೂ ಸರ್ ಬಗ್ಗೆ ಒಂದೊಂದು ಹೇಳಿದೆವು. ಮೇಡಂ ನಿಧಾನಕ್ಕೆ ಮೆಟ್ಟಿಲು ಹತ್ತಿ ಬಂದು ತಮ್ಮ ಹಳೆಯ ಕುರ್ಚಿಯಲ್ಲೇ ಕೂತಿದ್ದರು. ವಯಸ್ಸಾಗಿದೆ, ಕಿವಿ ಸ್ವಲ್ಪ ಮಂದ. ನನ್ನ ಸರದಿ ಬಂದಾಗ ನಾನು ಯಾವಾಗಲೂ ಹೇಳುವ ಮಾತನ್ನೇ ಹೇಳಿದೆ. ಪ್ರಬಂಧಕ್ಕೆ ವಿಷಯ ಆರಿಸಿಕೊಂಡು ಹೋದಾಗ ಸರ್ ನನಗೆ, "ಇದು ನನಗೆ ಇಷ್ಟ ಆಗಲಿ ಅಂತ ಆರಿಸಿದ ಪ್ರಶ್ನೆ. ರಾತ್ರಿ ನಿನ್ನ ನಿದ್ದೆ ಕೆಡಿಸೋ ಪ್ರಶ್ನೆ ಯಾವುದು, ಅದನ್ನು ತಾ" ಅಂದಿದ್ದರು. ನನ್ನ ಎಲ್ಲ ವಿದ್ಯಾರ್ಥಿಗಳಿಗೂ ಹೇಳಿದ್ದೇನೆ, ಎರಡು ಭಾಷಣದಲ್ಲೂ ಹೇಳಿದ್ದೇನೆ.

ಮೇಡಂ ಕಿವಿಗೆ ಕೈ ಆನಿಸಿ ಕೇಳಿಸಿಕೊಂಡು, "ಅವತ್ತೇ ಬರೆದಿಟ್ಟುಕೊಂಡಿದ್ಯಾ?" ಅಂದರು.

ಈ ಬರಹಕ್ಕೆ ಕೂರುವ ಮೊದಲು ಹಳೆಯ ನೋಟ್‌ಬುಕ್ ಹುಡುಕಿ ತೆಗೆದೆ. ಬರೆದಿಟ್ಟಿದ್ದೆ. ಆದರೆ ಆ ಮಾತು ನನಗೆ ಹೇಳಿದ್ದಲ್ಲ. ಗೆಳತಿಯ ಹೆಸರು ಬರೆದು, ಪಕ್ಕದಲ್ಲಿ ಸರ್ ಹೇಳಿದ್ದನ್ನು ಬರೆದುಕೊಂಡಿದ್ದೇನೆ. ನಾನು ಅವಳ ಪಕ್ಕದಲ್ಲಿ ನಿಂತು ಕೇಳಿಸಿಕೊಂಡಿದ್ದೆ ಅಷ್ಟೇ. ಅದೇ ಪುಟಕ್ಕೆ ಅವತ್ತು ಸರ್ ನನಗೆ ವಾಪಸ್ ಕೊಟ್ಟ ಕರಡಿನ ಒಂದು ಹಾಳೆ ಪಿನ್ ಮಾಡಿದೆ. ಅಂಚಿನಲ್ಲಿ ಅವರ ಸಣ್ಣ ಅಕ್ಷರ: 'ಮೂರನೇ ಸಾಲಿನ ಮೊತ್ತ ತಾಳೆ ಆಗುತ್ತಿಲ್ಲ. ನಾನೂ ಎರಡು ಸಲ ಕೂಡಿದೆ. ನಾಳೆ ಬಾ, ಒಟ್ಟಿಗೆ ಕೂಡೋಣ.'

ಎರಡೂ ಪುಟದ ಫೋಟೊ ತೆಗೆದು ಗೆಳತಿಗೆ ಕಳಿಸಿದೆ. ಆ ಮಾತು ನಿನ್ನದು, ಇಷ್ಟು ವರ್ಷ ನಾನು ಇಟ್ಟುಕೊಂಡಿದ್ದೆ ಅಂತ ಬರೆದೆ. ಅವಳಿಗೆ ಅದು ಮರೆತೇ ಹೋಗಿತ್ತಂತೆ. ರಾತ್ರಿ ಫೋನ್ ಮಾಡಿ, ಆ ಮೂರನೇ ಸಾಲಿನ ಮೊತ್ತ ಕೊನೆಗೆ ಎಷ್ಟು ಬಂತು ಅಂತ ಕೇಳಿದಳು. ಇಬ್ಬರೂ ಫೋನಿನಲ್ಲೇ ಕೂಡಿದೆವು.