ಭಾಗಮಂಡಲದ ಮಳೆ ಲೆಕ್ಕ

ನಾಲ್ಕು ದಿನದಿಂದ ಭಾಗಮಂಡಲದ ಹತ್ತಿರದ ನಮ್ಮ ಮಳೆ ಕೇಂದ್ರ ಸೊನ್ನೆ ಕಳಿಸುತ್ತಿತ್ತು. ತಾನೇ ಮಳೆ ಅಳೆದು ರೇಡಿಯೊದಲ್ಲಿ ಆಫೀಸಿಗೆ ಲೆಕ್ಕ ಹೇಳುವ ಪೆಟ್ಟಿಗೆ ಅದು. ಜುಲೈ ಕೊನೆ. ಆ ಹೊತ್ತಿನಲ್ಲಿ ಕೊಡಗಿನಲ್ಲಿ ಸೊನ್ನೆ ಮಳೆ ಅಂದರೆ ಯಾರು ನಂಬುತ್ತಾರೆ? ಕೇಂದ್ರ ಪೂರ್ತಿ ಕೆಟ್ಟು ಸುಮ್ಮನಾಗಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಇದು ಹಾಗಲ್ಲ. ಕರೆದಾಗಲೆಲ್ಲ ಓಗೊಡುತ್ತಿತ್ತು. ಬ್ಯಾಟರಿ 12.6 ವೋಲ್ಟ್, ಸಿಗ್ನಲ್ ಚೆನ್ನಾಗಿದೆ, ಮಳೆ 0.0. ಪರದೆಯಲ್ಲಿ ಎಲ್ಲವೂ ಹಸಿರು.

ಕೇಂದ್ರದ ಲೆಕ್ಕ ಇಡುವ ಭಾಗ, ಅಂದರೆ ಕಂಟ್ರೋಲರ್ ಮಾಡ್ಯೂಲ್, ಹೊಸದೊಂದನ್ನು ಬ್ಯಾಗಿಗೆ ಹಾಕಿಕೊಂಡು ಹೊರಟೆ. ಮಡಿಕೇರಿವರೆಗಿನ ದಾರಿಯ ಬಗ್ಗೆ ಹೇಳುವಂಥದ್ದೇನಿಲ್ಲ. ಊರು ತುಂಬ ಹೋಮ್‌ಮೇಡ್ ಚಾಕೊಲೇಟ್ ಅಂಗಡಿಗಳು. ನನಗೆ ಅವು ಹಿಡಿಸುವುದಿಲ್ಲ. ರಾತ್ರಿ ಅಲ್ಲೇ ಉಳಿದು, ಆಗಸ್ಟ್ 3ರ ಬೆಳಿಗ್ಗೆ ಜೀಪಿನಲ್ಲಿ ಭಾಗಮಂಡಲಕ್ಕೆ ಹೋದೆ. ತ್ರಿವೇಣಿ ಸಂಗಮದಲ್ಲಿ ಕಾವೇರಿ, ಕನ್ನಿಕೆ ಎರಡೂ ಕೆಂಪಗೆ ಹರಿಯುತ್ತಿದ್ದವು. ನಾಪೋಕ್ಲು ಕಡೆಯ ರಸ್ತೆಗೆ ನೀರು ಬಂದಿದೆ ಅಂದರು.

ನಮ್ಮ ಕೇಂದ್ರ ಇರುವುದು ಒಂದು ಕಾಫಿ ತೋಟದ ಅಂಚಿನ ಬಯಲಿನಲ್ಲಿ. ಬೇಲಿ, ಕಂಬ, ಸೋಲಾರ್ ಪ್ಯಾನೆಲ್, ಸಿಗ್ನಲ್ ಮುಂದಕ್ಕೆ ದಾಟಿಸುವ ಬೆಟ್ಟದ ಮೇಲಿನ ರಿಪೀಟರ್ ಕಡೆಗೆ ಮುಖ ಮಾಡಿದ ಯಾಗಿ ಆಂಟೆನಾ. ಮೊಬೈಲ್ ಇರುವಾಗ ಈ ರೇಡಿಯೊ ಯಾಕೆ ಅಂತ ತುಂಬ ಜನ ಕೇಳುತ್ತಾರೆ. ಜೋರು ಮಳೆಯಲ್ಲಿ ಇಲ್ಲಿ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಡೀಸೆಲ್ ಮುಗಿದರೆ ಮೊಬೈಲ್ ಟವರ್ ಕೂಡ ಮಲಗುತ್ತದೆ. ಮಳೆ ಲೆಕ್ಕ ಬೇಕಾಗುವುದು ಸರಿಯಾಗಿ ಆಗಲೇ ಅಲ್ವಾ?

ಪೆಟ್ಟಿಗೆ ತೆಗೆದ ತಕ್ಷಣ ಕಾರಣ ಕಂಡಿತು. ಕೇಬಲ್ ಒಳಗೆ ಬರುವ ಕಡೆ ತೂತು ಮುಚ್ಚುವ ರಬ್ಬರ್ ಗ್ಲ್ಯಾಂಡ್ ಇರಲಿಲ್ಲ. ಹಿಂದೆ ಸರ್ವಿಸ್‌ಗೆ ಬಂದವರು ಹಾಕದೇ ಹೋಗಿದ್ದಾರೆ. ಆ ತೂತಿನಿಂದ ಇರುವೆಗಳು ಬಂದು ಕಂಟ್ರೋಲರ್ ಟರ್ಮಿನಲ್‌ಗಳ ಮೇಲೆ ಸಂಸಾರ ಹೂಡಿದ್ದವು. ಸಾಸಿವೆಗಿಂತ ಸಣ್ಣ ಬಿಳಿ ಮೊಟ್ಟೆಗಳ ರಾಶಿ. ಅದರ ಕೆಳಗೆ ತಾಮ್ರ ಹಸಿರು ಕಿಲುಬು ಹಿಡಿದಿತ್ತು. ಮಳೆಮಾಪಕದ ಒಳಗೊಂದು ಪುಟ್ಟ ವಾಲುವ ಬಕೆಟ್ ಇರುತ್ತದೆ. 0.2 ಮಿ.ಮೀ. ಮಳೆಗೊಮ್ಮೆ ಟಕ್ ಅಂತ ವಾಲುತ್ತದೆ. ಆ ಟಕ್‌ಗಳನ್ನು ಎಣಿಸಿಟ್ಟುಕೊಂಡು, 15 ನಿಮಿಷಕ್ಕೊಮ್ಮೆ ರೇಡಿಯೊದಲ್ಲಿ ಕೇಳಿದಾಗ ಹೇಳುವುದು ಕಂಟ್ರೋಲರ್ ಕೆಲಸ. ಇಲ್ಲಿ ಎಣಿಸುವ ಜಾಗ ಮಾತ್ರ ಸತ್ತಿತ್ತು. ಬಾಯಿ ಸರಿಯಿತ್ತು, ಕಿವಿ ಹೋಗಿತ್ತು.

ಬ್ಯಾಗಿಗೆ ಕೈ ಹಾಕಿದೆ. ಯುಎಸ್‌ಬಿಯಿಂದ ಸೀರಿಯಲ್‌ಗೆ ಹೋಗುವ ಕೇಬಲ್ ಇಲ್ಲ. ಮಡಿಕೇರಿಯ ಲಾಡ್ಜ್‌ನ ಮೇಜಿನ ಮೇಲೇ ಉಳಿದಿತ್ತು. ಅದಿಲ್ಲದೆ ಲ್ಯಾಪ್‌ಟಾಪ್ ಮಾಡ್ಯೂಲ್ ಜೊತೆ ಮಾತಾಡುವುದಿಲ್ಲ. ಡ್ರೈವರ್ ಆ ಮಳೆಯಲ್ಲಿ ಸುಮಾರು 40 ಕಿಲೋಮೀಟರ್ ವಾಪಸ್ ಹೋಗಿ ಅದನ್ನು ತರಬೇಕಾಯಿತು. ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಈ ಕೆಲಸಕ್ಕೆ ಹೋಗುವವರು ಆ ಕೇಬಲನ್ನು ಮಾಡ್ಯೂಲ್‌ಗೇ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಡಿ. ಬೇರೆ ಜೇಬಿನಲ್ಲಿ ಇಡಲೇಬೇಡಿ.

ಆದರೆ ಆ ನಾಲ್ಕು ಗಂಟೆ ಸಿಕ್ಕಿದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ತೋಟದ ಮನೆಯ ಅಜ್ಜಿ ಒಳಗೆ ಕರೆದರು. ಮೊದಲು ಕಾಲಿಗೆ ಹತ್ತಿದ್ದ ಜಿಗಣೆಗಳಿಗೆ ಸುಣ್ಣ ಕೊಟ್ಟರು. ಆಮೇಲೆ ಅಕ್ಕಿ ಒಟ್ಟಿ, ಕಣಿಲೆ ಪಲ್ಯ. ಎಳೆ ಬಿದಿರಿನ ಆ ಒಗರು ವಾಸನೆ ಕೆಲವರಿಗೆ ಆಗುವುದಿಲ್ಲ. ನನಗಂತೂ ಮಳೆಗಾಲದಲ್ಲಿ ಅದಕ್ಕಿಂತ ರುಚಿ ಬೇರೆ ಇಲ್ಲ. ಅವತ್ತು ಕೊಡವರ ಕಕ್ಕಡ ತಿಂಗಳ 18ನೇ ದಿನ. ಮದ್ದ್ ಸೊಪ್ಪಿನ ಪಾಯಸ ಮಾಡುವ ದಿನ. ಸೊಪ್ಪು ಬೇಯಿಸಿದ ನೀರು ನೇರಳೆ ಹಣ್ಣಿನ ಬಣ್ಣಕ್ಕೆ ಬಂದಿರುತ್ತದೆ. ಒಂದು ಬಟ್ಟಲು ಕುಡಿದು, ಇನ್ನೊಂದು ಕೇಳಿ ಹಾಕಿಸಿಕೊಂಡೆ.

"ನಿಮ್ಮ ಮೆಷಿನ್ ಏನು ಹೇಳ್ತು?" ಅಂತ ಕೇಳಿದರು.

ಸೊನ್ನೆ ಅಂದೆ. ಅವರು ಮಾತಾಡದೆ ಒಳಗೆ ಹೋಗಿ ಉದ್ದನೆಯ ಲೆಕ್ಕದ ಪುಸ್ತಕ ತಂದರು. ಅಂಗಳದಲ್ಲಿ ಅವರದೇ ಮಳೆಮಾಪಕ ಇದೆ. ಅವರ ಮಾವ ಶುರು ಮಾಡಿದ್ದು. ಆಮೇಲೆ ಗಂಡ, ಈಗ ಇವರು. ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆದು ಬರೆಯುತ್ತಾರೆ. ಕಾಫಿ ತೋಟದವರ ಲೆಕ್ಕ ಇಂಚು, ಸೆಂಟ್‌ನಲ್ಲಿ. ಇಂಚಿಗೆ ನೂರು ಸೆಂಟ್. ನಮ್ಮ ನಾಲ್ಕು ಸೊನ್ನೆಗಳ ಜಾಗದಲ್ಲಿ ಅವರ ಪುಸ್ತಕದಲ್ಲಿ ಹೀಗಿತ್ತು: 3.40, 5.12, 4.85, 2.90. ಕೂಡಿದೆ. 16 ಇಂಚು 27 ಸೆಂಟ್. ಅಂದರೆ 413 ಮಿ.ಮೀ. ಅಷ್ಟು ನೀರು ನಮ್ಮ ಪರದೆಯಲ್ಲಿ ಬಿದ್ದೇ ಇರಲಿಲ್ಲ.

"5.12ರ ರಾತ್ರಿ ಎರಡು ಸಲ ಎದ್ದು ಅಳೆದೆ. ಡಬ್ಬಿ ತುಂಬಿ ಚೆಲ್ಲಿದರೆ ಲೆಕ್ಕ ಹೋಗುತ್ತಲ್ಲ" ಅಂದರು.

ಹಿಂದಿನ ಪುಟಗಳನ್ನು ತಿರುವುತ್ತಿದ್ದೆ. 2020ರ ಆಗಸ್ಟ್‌ನಲ್ಲಿ ಆರು ಸಾಲು ಖಾಲಿ. ತಲಕಾವೇರಿಯ ಬೆಟ್ಟ ಕುಸಿದ ವಾರ ಅದು. ದಿನಾಂಕ ಇದೆ, ಮುಂದೆ ಏನೂ ಇಲ್ಲ. ಯಾಕೆ ಅಂತ ಕೇಳಿದೆ.

"ನಾವು ಇಲ್ಲಿ ಇರಲಿಲ್ಲ. ನೆಂಟರ ಮನೆಯಲ್ಲಿದ್ದೆವು. ಅಳೆಯಲಿಲ್ಲ."

"ಆಮೇಲೆ ಅಂದಾಜು ಬರೆಯಬಹುದಿತ್ತಲ್ಲ?"

"ಅದು ಹೇಗಾಗುತ್ತೆ? ಅಳೆಯದ ದಿನ ಖಾಲಿ ಬಿಡಬೇಕು. ಸೊನ್ನೆ ಬರೆದರೆ ಮಳೆ ಬಂದಿಲ್ಲ ಅಂತ ಆಗುತ್ತೆ. ನಾನು ನೋಡದೇ ಅಷ್ಟು ದೊಡ್ಡ ಮಾತು ಹೇಳೋದಾ?"

ಹೊರಗೆ ಹಂಚಿನ ಮೇಲೆ ಮಳೆ ಒಂದೇ ಸಮ ಹೊಡೆಯುತ್ತಿತ್ತು. ಹದಿನೈದು ವರ್ಷದಿಂದ ಈ ಪೆಟ್ಟಿಗೆಗಳ ಜೊತೆ ಇದ್ದೇನೆ. ಬಕೆಟ್ ವಾಲದಿದ್ದರೆ ಮಳೆ ಇಲ್ಲ ಅಂತಲೇ ನಮ್ಮ ಕಂಟ್ರೋಲರ್ ತಿಳಿಯುತ್ತದೆ. ತನಗೆ ಕೇಳಿಸುತ್ತಿಲ್ಲ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಪುಸ್ತಕದ ಆ ಆರು ಖಾಲಿ ಸಾಲುಗಳನ್ನು ತುಂಬ ಹೊತ್ತು ನೋಡಿದೆ.

ಕೇಬಲ್ ಬಂದಾಗ ಮೂರು ಗಂಟೆ. ಹಳೆ ಮಾಡ್ಯೂಲ್‌ನ ಸ್ಟೇಷನ್ ನಂಬರ್ ಬರೆದುಕೊಂಡೆ. ಸೋಲಾರ್ ವೈರ್ ಮೊದಲು, ಬ್ಯಾಟರಿ ಆಮೇಲೆ ಬಿಚ್ಚಿದೆ. ಜೋಡಿಸುವಾಗ ಇದು ಉಲ್ಟಾ, ಬ್ಯಾಟರಿ ಮೊದಲು. ಡ್ರೈವರ್ ಕೊಡೆ ಹಿಡಿದು ನಿಂತಿದ್ದರು. ಹೊಸ ಮಾಡ್ಯೂಲ್ ಫ್ಯಾಕ್ಟರಿಯಿಂದ ನಂಬರ್ 1 ಆಗಿ ಬಂದಿತ್ತು. ಹಾಗೇ ಬಿಟ್ಟಿದ್ದರೆ ನಿಜವಾದ 1ನೇ ಕೇಂದ್ರದ ಮಾತಿನ ಮೇಲೆ ಇದೂ ಮಾತಾಡಿ ಎರಡೂ ಕೆಡುತ್ತಿದ್ದವು. ಅದನ್ನು ಬದಲಿಸಿದೆ. ಆಂಟೆನಾ ಕೇಬಲ್ ಬಿಗಿಯಾಗಿದೆಯಾ ಅಂತ ನೋಡಿ ಆಮೇಲೆ ರೇಡಿಯೊ ಆನ್ ಮಾಡಿದೆ. ಗ್ಲ್ಯಾಂಡ್ ಕೂಡ ಹಾಕಿದೆ.

ಇನ್ನು ಪರೀಕ್ಷೆ. ಮಾಪಕದ ಬಾಯಿಗೆ ಕೊಡೆ ಅಡ್ಡ ಹಿಡಿದು, ಒಳಗೆ 628 ಮಿಲಿಲೀಟರ್ ನೀರನ್ನು ನಿಧಾನವಾಗಿ ಬಿಟ್ಟೆ. 200 ಮಿ.ಮೀ. ಅಗಲದ ಬಾಯಿಗೆ ಅದು 20 ಮಿ.ಮೀ. ಮಳೆ, ನೂರು ಟಕ್. ಪರದೆಯಲ್ಲಿ 50 ಬಂತು. ಹೊಸ ಮಾಡ್ಯೂಲ್ ಒಂದು ಟಕ್‌ಗೆ 0.5 ಅಂತ ಹಿಡಿದಿತ್ತು. 0.2 ಅಂತ ತಿದ್ದಿ ಮತ್ತೆ ನೀರು ಬಿಟ್ಟೆ. ಅಜ್ಜಿ ಬೇಲಿ ಆಚೆ ಕೊಡೆ ಹಿಡಿದು ಟಕ್‌ಗಳನ್ನು ತಾವೂ ಎಣಿಸುತ್ತಿದ್ದರು. "ತೊಂಬತ್ತೊಂಬತ್ತು" ಅಂದರು. ಪರದೆಯಲ್ಲಿ 19.8.

ಆಫೀಸಿಗೆ ಬಂದವನೇ ಆ ನಾಲ್ಕು ಸೊನ್ನೆಗಳನ್ನು ತೆಗೆಸಿ ಖಾಲಿ ಮಾಡಿಸಿದೆ. ಪಕ್ಕದಲ್ಲಿ ಅಜ್ಜಿಯ ಅಳತೆಯನ್ನು, ಅವರದು ಅಂತ ಹೇಳಿಯೇ, ಟಿಪ್ಪಣಿಯಾಗಿ ಹಾಕಿಸಿದೆ. ವಾರದ ನಂತರ ಬೆಳಿಗ್ಗೆ ಅವರ ಫೋನ್ ಬಂತು. "ಇವತ್ತು 3 ಇಂಚು 5 ಸೆಂಟ್. ನಿಮ್ಮದು?"

ನೋಡಿದೆ. 75.4 ಮಿ.ಮೀ. ಅವರದಕ್ಕಿಂತ 2 ಮಿ.ಮೀ. ಕಡಿಮೆ. ಜೋರು ಮಳೆಯಲ್ಲಿ ಬಕೆಟ್ ವಾಲುವಷ್ಟರಲ್ಲಿ ಸ್ವಲ್ಪ ನೀರು ಲೆಕ್ಕ ತಪ್ಪುತ್ತದೆ ಅಂದೆ.

"ಹಾಗಾದರೆ ನನ್ನದನ್ನೂ ಬರ್ಕೊಳ್ಳಿ" ಅಂದರು. ಬರೆದುಕೊಂಡೆ.